ಹೆಂಚಿನ ಮೇಲೆ 1865 ಎಂದಿದೆ: ಮೂಲ್ಕಿಯ ಬಾಸೆಲ್ ಮಿಷನ್ ಸಭೆಯ ಚರಿತ್ರೆಯನ್ನು ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ಶಾಂಭವಿತೀರ

ಎಲ್ಲರಿಗೂ ನಮಸ್ಕಾರ. ನನ್ನ ಅಜ್ಜಿ, ತಾಯಿಯ ತಾಯಿ, ಹುಟ್ಟಿ ಬೆಳೆದದ್ದು ಮೂಲ್ಕಿಯಲ್ಲಿ. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಅವರು ಮತ್ತೆ ಊರಿಗೆ ಹೋಗಿ ನೆಲೆಸಲಿಲ್ಲ. ಆದರೆ ಕೊನೆಯವರೆಗೂ ‘ನಮ್ಮ ಸಭೆ’ ಎಂದು ಅವರು ಹೇಳುತ್ತಿದ್ದುದು ಮೂಲ್ಕಿಯ ಬಾಸೆಲ್ ಮಿಷನ್ ಸಭೆಯನ್ನೇ. ಮುಂಬಯಿಯಲ್ಲಿ ಅವರು ಐವತ್ತು ವರ್ಷ ಪ್ರತಿ ಭಾನುವಾರವೂ ತಪ್ಪದೆ ಹೋಗುತ್ತಿದ್ದ ದೇವಾಲಯ ಮಾತ್ರ ಅವರ ಬಾಯಲ್ಲಿ ಎಂದೂ ‘ಇಲ್ಲಿಯ ಚರ್ಚು’ ಆಗಿಯೇ ಉಳಿಯಿತು.

ಅವರು ತೀರಿಕೊಂಡ ನಂತರ ಎರಡು ವಸ್ತುಗಳು ನನ್ನ ಪಾಲಿಗೆ ಬಂದವು. ಒಂದು, ರಟ್ಟೂ ಮೊದಲ ಹಾಳೆಗಳೂ ಇಲ್ಲದ ಕನ್ನಡ ಸಂಗೀತ ಪುಸ್ತಕ. ಅದರ ಕೊನೆಯ ಖಾಲಿ ಹಾಳೆಗಳಲ್ಲಿ ಮೂರು ಬೇರೆ ಬೇರೆ ಕೈಬರಹಗಳಲ್ಲಿ ಹುಟ್ಟು, ದೀಕ್ಷಾಸ್ನಾನ, ಮರಣಗಳ ತಾರೀಕುಗಳಿವೆ. ಇನ್ನೊಂದು ಮಂಗಳೂರು ಹೆಂಚು. ಮಿಷನ್ ಕಂಪೌಂಡಿನ ಒಂದು ಹಳೆಯ ಮಾಡನ್ನು ಬಿಚ್ಚಿದಾಗ ನನ್ನ ಸೋದರಮಾವ ಒಂದನ್ನು ಕೇಳಿ ತಂದಿದ್ದರು. ಅದರ ಅಡಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಎಂದೂ, ಅದರ ಕೆಳಗೆ 1865 ಎಂದೂ ಅಚ್ಚಾಗಿದೆ. ಅದಕ್ಕೂ ಕೆಳಗಿನ ಸಾಲು ಪಾಚಿಯಿಂದ ಮುಚ್ಚಿಹೋಗಿದೆ. ಈ ಸಂಖ್ಯೆಯನ್ನು ನೋಡಿಯೇ ನಮ್ಮ ಮನೆಯ ಹಿರಿಯರು ಮೂಲ್ಕಿಯ ಸಭೆ ಹುಟ್ಟಿದ್ದು 1865ರಲ್ಲಿ ಎಂದು ಹೇಳುತ್ತ ಬಂದಿದ್ದಾರೆ.

ನಾನು ತಿಳಿಯಬಯಸುವುದು ಇಷ್ಟು. ಆ ವರ್ಷವನ್ನು ನಂಬಬಹುದೇ? ಜರ್ಮನ್ ಮಿಷನರಿಗಳು ಮಂಗಳೂರಿನಂಥ ಬಂದರು ಇರುವಾಗ ಮೂಲ್ಕಿಯಂಥ ಚಿಕ್ಕ ಊರಿಗೆ ಬಂದದ್ದೇಕೆ? ಅಜ್ಜಿ ಉಂಡು, ಮಲಗಿ, ಬೈದು, ಮುದ್ದಾಡಿದ್ದೆಲ್ಲ ತುಳುವಿನಲ್ಲಿ. ಆದರೆ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕುಳಿತರೆಂದರೆ ಶುದ್ಧ ಗ್ರಾಂಥಿಕ ಕನ್ನಡ. ಇದು ಹೇಗಾಯಿತು? ಕಡೆಯದಾಗಿ, ನಮ್ಮ ಕುಟುಂಬದ ಹಿಂದಿನ ತಲೆಮಾರುಗಳನ್ನು ಹುಡುಕುವವರು ಯಾವ ಬಾಗಿಲನ್ನು ತಟ್ಟಬೇಕು?

ಉತ್ತರ: ಹಳೆಕಡತ

ಹೆಂಚಿನಿಂದಲೇ ಆರಂಭಿಸೋಣ, ಏಕೆಂದರೆ ಈ 1865 ಕರಾವಳಿಯ ಎಷ್ಟೋ ಮನೆಗಳಲ್ಲಿ, ಎಷ್ಟೋ ದೇವಾಲಯಗಳಲ್ಲಿ ಇದೇ ತಪ್ಪು ಲೆಕ್ಕಕ್ಕೆ ಕಾರಣವಾಗಿದೆ. ಮಿಷನರಿ ಗಿಯೋರ್ಗ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಮೊದಲ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ವರ್ಷ ಅದು. ಕಾರ್ಖಾನೆಯವರು ತಮ್ಮ ಹಿರಿತನವನ್ನು ತೋರಿಸುವ ಗುರುತಾಗಿ ಆ ವರ್ಷವನ್ನು ಅಚ್ಚಿನಲ್ಲಿಯೇ ಉಳಿಸಿಕೊಂಡರು. ಆದ್ದರಿಂದ ಹತ್ತಾರು ವರ್ಷಗಳ ನಂತರ ಸುಟ್ಟ ಹೆಂಚಿನ ಮೇಲೂ ಅದೇ 1865 ಇರುತ್ತದೆ. ನಿಮ್ಮ ಹೆಂಚು ಯಾವ ಕಾಲದ್ದೆಂದು ಹೇಳಬಲ್ಲದ್ದು ಪಾಚಿ ಮುಚ್ಚಿರುವ ಆ ಮೂರನೆಯ ಸಾಲು. ಅಲ್ಲಿ ಊರಿನ ಹೆಸರಿರುತ್ತದೆ. ಜೆಪ್ಪುವಿನ ನಂತರ 1882ರಲ್ಲಿ ಕುದ್ರೋಳಿ, 1886ರಲ್ಲಿ ಮಲ್ಪೆ, ಕೇರಳದ ಕಡೆ ಫೆರೋಕ್‌ನಲ್ಲಿ 1905ರಲ್ಲಿ ಕಾರ್ಖಾನೆಗಳು ಎದ್ದವು. ಮೊದಲ ಮಹಾಯುದ್ಧದ ತರುವಾಯ ಇವೆಲ್ಲ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಸೇರಿದವು. ಹೆಂಚನ್ನು ಮೆದು ಬ್ರಷ್ಷಿನಿಂದ ತೊಳೆದು ಒಣಗಿಸಿ, ತೆಳು ಕಾಗದವನ್ನು ಹೊದಿಸಿ ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿರಿ. ಕಣ್ಣಿಗೆ ಕಾಣದ ಅಕ್ಷರ ಕಾಗದದ ಮೇಲೆ ಏಳುತ್ತದೆ.

ಮೂಲ್ಕಿಯ ಕೆಲಸ ಹೆಂಚಿಗಿಂತ ಹಳೆಯದು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1815ರಲ್ಲಿ ಹುಟ್ಟಿದ ಈ ಮಿಷನ್‌ಗೆ ಇಂಡಿಯಾದ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯಿದೆಯಿಂದ. ಬ್ರಿಟಿಷರಲ್ಲದ ಮಿಷನ್‌ಗಳಿಗೂ ಕಂಪನಿಯ ಸೀಮೆಯಲ್ಲಿ ಕೆಲಸ ಮಾಡಲು ಅವಕಾಶವಾದದ್ದು ಆಗಲೇ. ಮರುವರ್ಷ, 1834ರ ಅಕ್ಟೋಬರಿನಲ್ಲಿ, ಸಾಮ್ಯುವೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಬೆಟಗೇರಿಯಲ್ಲಿ 1841ರಲ್ಲಿ ಠಾಣೆಗಳಾದವು, ಎಂದರೆ ಮಿಷನರಿಗಳು ನೆಲೆಸಿ ಕೆಲಸ ಮಾಡುವ ಕೇಂದ್ರಗಳಾದವು. ಮೂಲ್ಕಿಯ ಸರದಿ 1845ರಲ್ಲಿ ಬಂತು. ಉಡುಪಿಗೆ ಅವರು ಹೋದದ್ದು ಇನ್ನೂ ತಡವಾಗಿ, 1854ರಲ್ಲಿ. ಎಂದರೆ ನಿಮ್ಮ ಹಿರಿಯರು ಹೇಳಿದ ವರ್ಷಕ್ಕಿಂತ ಇಪ್ಪತ್ತು ವರ್ಷ ಮೊದಲೇ ಅಲ್ಲಿ ಮಿಷನ್ ನೆಲೆಯೂರಿತ್ತು.

ಚಿಕ್ಕ ಊರಿಗೆ ಏಕೆ ಬಂದರು ಎಂಬುದಕ್ಕೆ ನೆಲವನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಮಂಗಳೂರಿನಿಂದ ಮೂಲ್ಕಿಗೆ ಇಂದು ಮುಕ್ಕಾಲು ಗಂಟೆಯ ದಾರಿ. ಅಂದು ಕೂಳೂರಿನಲ್ಲಿ ಒಂದು ಹೊಳೆ, ಪಾವಂಜೆಯಲ್ಲಿ ಇನ್ನೊಂದು ಹೊಳೆ, ಎರಡನ್ನೂ ದೋಣಿಯಲ್ಲಿ ದಾಟಬೇಕಿತ್ತು. ಮೂಲ್ಕಿಯನ್ನು ಬಿಟ್ಟು ಮುಂದೆ ಹೋದರೆ ಶಾಂಭವಿ. ಮಳೆಗಾಲದ ನಾಲ್ಕು ತಿಂಗಳು ಮಂಗಳೂರಿನಲ್ಲಿ ಕುಳಿತು ಬಡಗಣ ಹಳ್ಳಿಗಳನ್ನು ನೋಡಿಕೊಳ್ಳುವುದು ಆಗದ ಮಾತಾಗಿತ್ತು. ಉಳಿದರ್ಧ ಉತ್ತರ ಜನರಲ್ಲಿದೆ. ಬಂದರು ಪೇಟೆಯ ವ್ಯಾಪಾರಿಗಳಿಗಿಂತ ಹಳ್ಳಿಯ ಗೇಣಿದಾರರು, ಮುಖ್ಯವಾಗಿ ಬಿಲ್ಲವರು, ಮಿಷನರಿಗಳ ಮಾತಿಗೆ ಹೆಚ್ಚು ಕಿವಿಗೊಟ್ಟರು, ಮತ್ತು ಅವರು ಇದ್ದದ್ದು ಇಲ್ಲಿಯ ತೋಟ ಗದ್ದೆಗಳ ನಡುವೆ.

ಹಾಗೆ ಬಂದವರು ಕಳೆದುಕೊಂಡದ್ದೂ ದೊಡ್ಡದು, ಮತ್ತು ಇದನ್ನು ನಮ್ಮ ಸಭೆಗಳ ಉತ್ಸವ ಸಂಚಿಕೆಗಳು ಹಗುರವಾಗಿ ದಾಟಿಬಿಡುತ್ತವೆ ಎಂಬ ನೋವು ನನಗಿದೆ. ಸಭೆಗೆ ಸೇರಿದವನು ಮೂರ್ತೆಯನ್ನು, ಅಂದರೆ ಕಳ್ಳು ಇಳಿಸುವ ಕಸುಬನ್ನು, ಬಿಡಬೇಕಿತ್ತು. ಚಾಲಗೇಣಿಯ, ಅಂದರೆ ಧಣಿಯ ಮರ್ಜಿ ಇರುವವರೆಗಷ್ಟೇ ನಡೆಯುವ ಗೇಣಿಯ, ಒಕ್ಕಲಾಗಿದ್ದರೆ ಧಣಿ ಮುನಿದ ದಿನವೇ ಗದ್ದೆ ಹೋಗುತ್ತಿತ್ತು. ಕುಟುಂಬದ ಮನೆಯಲ್ಲಿ ಪಂಕ್ತಿ ತಪ್ಪುತ್ತಿತ್ತು. ಮತಾಂತರವಾದವನ ಆಸ್ತಿಯ ಹಕ್ಕನ್ನು 1850ರ ಕಾಯಿದೆಯೊಂದು ಕಾಪಾಡಿತಾದರೂ, ಕೋರ್ಟಿಗೆ ಹೋಗುವ ತ್ರಾಣ ಕಳ್ಳಿಳಿಸುವವನಿಗೆ ಎಲ್ಲಿಂದ ಬರಬೇಕು? ನೇಯ್ಗೆಯ ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆಗಳನ್ನು ಮಿಷನ್ ತೆರೆದದ್ದಕ್ಕೆ ಮುಖ್ಯ ಕಾರಣ ಹೀಗೆ ಬೀದಿಗೆ ಬಿದ್ದ ಜನರಿಗೆ ಅನ್ನದ ದಾರಿ ಬೇಕಾಗಿದ್ದುದು. ನಿಮ್ಮ ಕೈಯಲ್ಲಿರುವ ಹೆಂಚನ್ನು ಮಣ್ಣಿನಿಂದ ತಟ್ಟಿದವನು ಕೂಡ ಬಹುಶಃ ಅಂಥದೇ ಒಂದು ಮನೆಯವನು.

ಇನ್ನೊಂದು ಸಂಗತಿಯನ್ನು ನಿಮ್ಮ ಅಜ್ಜಿಯ ಕಾರಣಕ್ಕಾಗಿ ಹೇಳುತ್ತೇನೆ. ಮಂಗಳೂರಿನಲ್ಲಿದ್ದ ಹೆಣ್ಣುಮಕ್ಕಳ ಆಶ್ರಮವನ್ನು ಮಿಷನ್ ಮೂಲ್ಕಿಗೆ ತಂದಿತು, ಮತ್ತು ಠಾಣೆಯ ಹೆಸರು ಹೊರಗೆ ಹಬ್ಬಿದ್ದು ಅದರಿಂದಲೇ. ಓದು, ಬರಹ, ಹೊಲಿಗೆ ಕಲಿತು ಅಲ್ಲಿಂದ ಹೊರಬಂದ ಹುಡುಗಿಯರು ದಕ್ಷಿಣ ಕನ್ನಡದ ಸಭೆಗಳಲ್ಲೆಲ್ಲ ಉಪದೇಶಿಗಳ ಹೆಂಡತಿಯರಾಗಿ, ಶಾಲಾ ಉಪಾಧ್ಯಾಯಿನಿಯರಾಗಿ ಹರಡಿದರು. ನಿಮ್ಮ ಪುಸ್ತಕದ ಕೊನೆಯ ಹಾಳೆಗಳಲ್ಲಿರುವ ಮೂರು ಕೈಬರಹಗಳಲ್ಲಿ ಒಂದಾದರೂ ಹೆಂಗಸಿನದಾಗಿದ್ದರೆ, ಅದನ್ನು ಜೋಪಾನವಾಗಿ ನೋಡಿರಿ.

ಉತ್ತರ: ತೆಂಕಣದವ

ಭಾಷೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಅದು ನನ್ನ ಮನೆಯ ಕಥೆಯೂ ಹೌದು. ನಮ್ಮ ತಂದೆ ನಾಯಿಯನ್ನು ತುಳುವಿನಲ್ಲಿ ಕರೆದು, ಅದೇ ಉಸಿರಿನಲ್ಲಿ ಊಟದ ಪ್ರಾರ್ಥನೆಯನ್ನು ‘ಕರ್ತನೇ’ ಎಂದು ಕನ್ನಡದಲ್ಲಿ ಆರಂಭಿಸುತ್ತಿದ್ದರು; ಮಕ್ಕಳಾದ ನಮಗೆ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ.

ಮಿಷನರಿಗಳು ತುಳುವನ್ನು ಕಡೆಗಣಿಸಿದರು ಎಂದು ತಿಳಿಯಬಾರದು. ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾದದ್ದು 1841ರಲ್ಲಿ. ಮರುವರ್ಷವೇ ಮತ್ತಾಯನ ಸುವಾರ್ತೆ ತುಳುವಿನಲ್ಲಿ ಹೊರಬಂತು, 1847ರ ಹೊತ್ತಿಗೆ ಇಡೀ ಹೊಸ ಒಡಂಬಡಿಕೆ ಮುಗಿದಿತ್ತು. ಗ್ರೈನರ್ ಅವರೊಂದಿಗೆ ಆ ಕೆಲಸದಲ್ಲಿ ದುಡಿದ ಅಮ್ಮನ್ ಎಂಬವರು ಮೂಲ್ಕಿಯಲ್ಲಿ ಸೇವೆ ಮಾಡಿದವರು, ಆದ್ದರಿಂದ ತುಳು ಗದ್ಯದ ಮೊದಲ ದಿನಗಳ ಚರಿತ್ರೆಯಲ್ಲಿ ನಿಮ್ಮ ಊರಿಗೆ ಒಂದು ಜಾಗವಿದೆ. ಬ್ರಿಗೆಲ್ ಅವರ ತುಳು ವ್ಯಾಕರಣ 1872ರಲ್ಲಿ, ಮೆನ್ನರ್ ಅವರ ತುಳು ನಿಘಂಟು 1886ರಲ್ಲಿ ಬಂದವು. ಮೆನ್ನರ್ ಪಾಡ್ದನಗಳನ್ನೂ, ಅಂದರೆ ತುಳುವಿನ ಮೌಖಿಕ ಕಥನಗೀತೆಗಳನ್ನೂ, ಸಂಗ್ರಹಿಸಿ ಮುದ್ರಿಸಿದರು. ಭೂತಾರಾಧನೆಯನ್ನು ಬಿಡಿರೆಂದು ಬೋಧಿಸಿದ ಮಿಷನ್ನಿನ ಅಚ್ಚುಕೂಟದಲ್ಲಿಯೇ ಭೂತಗಳ ಪಾಡ್ದನ ಅಚ್ಚಾಯಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಅಚ್ಚರಿಯೂ ಗೌರವವೂ ಉಂಟಾಗುತ್ತದೆ.

ಆದರೆ ತುಳುವನ್ನು ಅವರು ಅಚ್ಚು ಹಾಕಿದ್ದು ಕನ್ನಡ ಲಿಪಿಯಲ್ಲಿ. ತಿಗಳಾರಿ ಲಿಪಿ ಇತ್ತಾದರೂ ಅದು ಸಂಸ್ಕೃತ ಗ್ರಂಥಗಳನ್ನು ಬರೆಯುವ ಬ್ರಾಹ್ಮಣ ಮನೆಗಳ ತಾಳೆಗರಿಗಳಲ್ಲಿತ್ತು. ಶಾಲೆ, ಕಚೇರಿ, ಪತ್ರವ್ಯವಹಾರಗಳೆಲ್ಲ ಕನ್ನಡದಲ್ಲಿದ್ದವು. ಮೇಲಾಗಿ ಮಂಗಳೂರಿನ ಸಭೆ, ಧಾರವಾಡದ ಸಭೆ, ಕೊಡಗಿನ ಸಭೆ ಇವೆಲ್ಲಕ್ಕೂ ಒಂದೇ ಸಂಗೀತ ಪುಸ್ತಕ, ಒಂದೇ ಆರಾಧನಾ ಕ್ರಮ, ಒಂದೇ ಸೆಮಿನರಿಯಲ್ಲಿ ಕಲಿತ ಉಪದೇಶಿಗಳು ಇರಬೇಕೆಂದರೆ ಅದು ಕನ್ನಡದಿಂದ ಮಾತ್ರ ಸಾಧ್ಯವಿತ್ತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ಶ್ರಮದಿಂದ ಇಡೀ ಕನ್ನಡ ಬೈಬಲ್ 1831ರಷ್ಟು ಹಿಂದೆಯೇ ಸಿದ್ಧವಾಗಿತ್ತು. ಹೀಗಾಗಿ ದೇವರ ಮುಂದೆ ನಿಲ್ಲುವಾಗ ಕನ್ನಡ, ಮನೆಯೊಳಗೆ ತುಳು ಎಂಬ ಪದ್ಧತಿ ಬೇರೂರಿತು. ಜರ್ಮನ್ ರಾಗಕ್ಕೆ ಕನ್ನಡ ಪದಗಳನ್ನು ಕೂಡಿಸಿ ಹಾಡುವ ತುಳು ನಾಲಗೆಯ ಒಂದು ವಿಶಿಷ್ಟ ಎಳೆತವಿದೆ; ನಾಲ್ಕು ಮಾತ್ರೆಯ ಜಾಗದಲ್ಲಿ ಆರು ಮಾತ್ರೆ ನಿಂತು, ಕೊನೆಯ ಅಕ್ಷರವನ್ನು ಎಲ್ಲರೂ ಒಟ್ಟಿಗೆ ಇಳಿಸುತ್ತಾರೆ. ನಿಮ್ಮ ಅಜ್ಜಿ ಹಾಡಿದ್ದನ್ನು ಯಾರಾದರೂ ಧ್ವನಿಮುದ್ರಿಸಿಕೊಂಡಿದ್ದರೆ ಅದನ್ನು ದಯವಿಟ್ಟು ಉಳಿಸಿಕೊಳ್ಳಿರಿ.

ನೀವು ಕೇಳದಿದ್ದರೂ ಮನೆತನದ ಹೆಸರಿನ ಬಗ್ಗೆ ಒಂದು ಮಾತು, ಏಕೆಂದರೆ ವಂಶಾವಳಿ ಹುಡುಕುವವರು ಎಡವುವುದು ಇಲ್ಲಿಯೇ. ಅಮೀನ್, ಬಂಗೇರ, ಕೋಟ್ಯಾನ್, ಸಾಲಿಯಾನ್, ಕರ್ಕೇರ ಎಂಬುವು ‘ಬರಿ’ಯ, ಅಂದರೆ ತುಳುವರ ಕುಲದ, ಹೆಸರುಗಳು. ಅಳಿಯಸಂತಾನದಲ್ಲಿ ‘ಬರಿ’ಯು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಆಸ್ತಿ ಸೋದರಮಾವನಿಂದ ಅಳಿಯನಿಗೆ ಹೋಗುತ್ತದೆ. ಕ್ರೈಸ್ತರಾದ ಮನೆಗಳಲ್ಲಿ ಅದೇ ಹೆಸರು ತಂದೆಯಿಂದ ಮಕ್ಕಳಿಗೆ ಇಳಿಯತೊಡಗಿತು. ಒಂದೇ ಹೆಸರು, ಆದರೆ ಅದು ಹರಿಯುವ ದಿಕ್ಕೇ ಬದಲಾಯಿತು. ಆದ್ದರಿಂದ ಮೊದಲ ತಲೆಮಾರಿನಾಚೆ ಹೋಗುವಾಗ ತಂದೆಯ ಸಾಲನ್ನೇ ಹಿಡಿದು ಹೋದರೆ ದಾರಿ ತಪ್ಪುತ್ತದೆ. ಅಲ್ಲಿಂದ ಮುಂದೆ ತಾಯಿಯ ಮನೆಯನ್ನು, ಸೋದರಮಾವನ ಮನೆಯನ್ನು ಕೇಳಬೇಕು.

ಉತ್ತರ: ಮಗ್ಗದಮನೆ

ನಾನು ಘಟ್ಟದ ಮೇಲಿನವನು, ಬಾಗಲಕೋಟೆ ಸೀಮೆಯವನು. ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ ಠಾಣೆ ಆರಂಭವಾದದ್ದು 1851ರಲ್ಲಿ. ಅದು ಖಣ ನೇಯುವ ಊರು. ಅಲ್ಲಿಯೂ, ಬೆಟಗೇರಿಯಲ್ಲಿಯೂ ಮಿಷನರಿಗಳ ಸುತ್ತ ಇದ್ದವರು ನೇಕಾರರು. ನಮ್ಮ ಕಡೆ ತುಳುವಿನ ಪ್ರಶ್ನೆ ಇರಲಿಲ್ಲ, ಅಳಿಯಸಂತಾನವೂ ಇರಲಿಲ್ಲ, ಆದರೆ ಸಂಗೀತ ಪುಸ್ತಕ ಮಾತ್ರ ನಿಮ್ಮದೇ.

ನಾನು ಬರೆಯಲು ಕಾರಣ ಬೇರೆ. ನನಗೆ ತೀರ ಹತ್ತಿರದ ಒಂದು ಸಭೆಯಲ್ಲಿ ದೇವಾಲಯಕ್ಕೆ ಬಣ್ಣ ಬಳಿಸುವಾಗ ಹಳೆಯ ದೀಕ್ಷಾಸ್ನಾನದ ಪುಸ್ತಕಗಳನ್ನು ಹೊರಗಿನ ಜಗಲಿಯ ಕೋಣೆಯಲ್ಲಿ ನೆಲದ ಮೇಲಿಟ್ಟರು. ಎರಡು ಮಳೆಗಾಲ ಯಾರಿಗೂ ನೆನಪಾಗಲಿಲ್ಲ. ತೆಗೆದಾಗ ರಟ್ಟುಗಳು ಗಟ್ಟಿಯಾಗಿಯೇ ಇದ್ದವು, ಒಳಗೆ ಗೆದ್ದಲಿನ ಮಣ್ಣು. ನನ್ನ ಮುತ್ತಜ್ಜನ ಹಳೆಯ ಹೆಸರು, ಎಂದರೆ ದೀಕ್ಷಾಸ್ನಾನಕ್ಕೆ ಮುಂಚಿನ ಹೆಸರು, ಬರೆದಿದ್ದ ಒಂದೇ ಒಂದು ಕಾಗದ ಅದರಲ್ಲಿತ್ತು. ಅದನ್ನು ನಾನು ಚಿಕ್ಕಂದಿನಲ್ಲಿ ಒಮ್ಮೆ ನೋಡಿದ್ದೆ. ಶಾಯಿ ಕಂದಾಗಿತ್ತು, ‘ಪ’ ಅಕ್ಷರದ ಹೊಟ್ಟೆ ಅಗಲವಾಗಿತ್ತು ಎಂಬುದು ನೆನಪಿದೆ, ಹೆಸರು ನೆನಪಿಲ್ಲ. ಆದ್ದರಿಂದ ಶಾಂಭವಿತೀರ ಅವರೇ, ಮೂಲ್ಕಿಗೆ ಹೋಗುವುದಾದರೆ ಮುಂದಿನ ರಜೆಗೆಂದು ತಳ್ಳಬೇಡಿರಿ. ಪುಟ ಪುಟವನ್ನೂ ಫೋಟೊ ತೆಗೆದುಕೊಳ್ಳಲು ಸಭಾಪಾಲಕರ ಮತ್ತು ಸಭಾಹಿರಿಯರ ಅಪ್ಪಣೆಯನ್ನು ಮೊದಲೇ ಬರೆದು ಕೇಳಿರಿ. ನಿಮ್ಮ ಕುಟುಂಬದ ಪುಟಗಳಷ್ಟೇ ಸಾಲದು, ಇಡೀ ಪುಸ್ತಕವನ್ನು ತೆಗೆದು ಒಂದು ಪ್ರತಿಯನ್ನು ಸಭೆಗೇ ಕೊಡಿರಿ.

ಉತ್ತರ: ಹಳೆಕಡತ

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಸಭೆಯ ಪುಸ್ತಕಗಳ ನಂತರ ನೀವು ಹೋಗಬೇಕಾದದ್ದು ಮಂಗಳೂರಿನ ಬಲ್ಮಠಕ್ಕೆ. ಮಿಷನ್ನಿನ ಹಳೆಯ ಸೆಮಿನರಿಯೇ ಇಂದಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜು; ಅದರ ಪತ್ರಾಗಾರದಲ್ಲಿ ಬಾಸೆಲ್ ಮಿಷನ್ ಅಚ್ಚುಕೂಟದ ಪ್ರಕಟಣೆಗಳ ದೊಡ್ಡ ಸಂಗ್ರಹವಿದೆ. ರಟ್ಟಿಲ್ಲದ ನಿಮ್ಮ ಸಂಗೀತ ಪುಸ್ತಕವನ್ನು ಅಲ್ಲಿಯ ಪ್ರತಿಗಳ ಪಕ್ಕದಲ್ಲಿಟ್ಟು ಹಾಡುಗಳ ಸಂಖ್ಯೆಯನ್ನೂ ಅಚ್ಚಿನ ಮೊಳೆಯನ್ನೂ ಹೋಲಿಸಿದರೆ ಯಾವ ಮುದ್ರಣವೆಂದು ಗೊತ್ತಾಗುತ್ತದೆ. ಮಿಷನ್ ವರ್ಷವರ್ಷವೂ ಇಂಗ್ಲಿಷಿನಲ್ಲಿ ವರದಿಯನ್ನು ಅಚ್ಚು ಹಾಕಿಸುತ್ತಿತ್ತು. ಪ್ರತಿ ಠಾಣೆಗೂ ಅದರಲ್ಲಿ ಒಂದು ಭಾಗವಿದೆ. ಓದುವಾಗ ಒಂದು ಎಚ್ಚರ ಬೇಕು: ಆ ವರದಿಗಳು ಯುರೋಪಿನಲ್ಲಿ ಹಣ ಕೊಡುವವರಿಗಾಗಿ ಬರೆದವು, ಆದ್ದರಿಂದ ಮಿಷನರಿಯ ಹೆಸರು ಪೂರ್ತಿ ಇರುತ್ತದೆ, ಉಪದೇಶಿಯ ಹೆಸರು ಕೆಲವೊಮ್ಮೆ ಇರುತ್ತದೆ, ಗುಡಿಸಲಿನಲ್ಲಿ ಪ್ರಾರ್ಥನೆಗೆ ಜಾಗ ಕೊಟ್ಟ ಹೆಂಗಸಿನ ಹೆಸರು ಬಹುಮಟ್ಟಿಗೆ ಇರುವುದೇ ಇಲ್ಲ.

ಮೂಲ ಕಾಗದಗಳು ಬಾಸೆಲ್ ನಗರದಲ್ಲಿವೆ. ಅವನ್ನು ಇಂದು ಮಿಷನ್ 21 ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಅವರ ಹಳೆಯ ಛಾಯಾಚಿತ್ರಗಳ ಸಂಗ್ರಹವನ್ನು ಅಂತರ್ಜಾಲದಲ್ಲಿ ಮನೆಯಿಂದಲೇ ನೋಡಬಹುದು. ಹುಡುಕುವಾಗ ಊರಿನ ಹೆಸರನ್ನು ನಾಲ್ಕಾರು ಬಗೆಯ ಕಾಗುಣಿತದಲ್ಲಿ ಹಾಕಿ ನೋಡಿರಿ, ಜರ್ಮನ್ನರು ಕಿವಿಗೆ ಕೇಳಿದಂತೆ ಬರೆದುಕೊಂಡಿದ್ದಾರೆ. ಕೈಬರಹದ ಪತ್ರಗಳು ಹಳೆಯ ಜರ್ಮನ್ ಮೋಡಿಯಲ್ಲಿವೆ. ಇಂದಿನ ಜರ್ಮನ್ ಬಲ್ಲವರಿಗೂ ಅದು ಸುಲಭವಾಗಿ ದಕ್ಕುವುದಿಲ್ಲ.

ನಿಮ್ಮ ಕುಟುಂಬದ ತಾರೀಕುಗಳು 1914ರ ಆಚೀಚೆ ಇದ್ದರೆ ಇದನ್ನೂ ಗಮನದಲ್ಲಿಟ್ಟುಕೊಳ್ಳಿರಿ. ಯುದ್ಧ ಆರಂಭವಾದಾಗ ಬ್ರಿಟಿಷ್ ಸರಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಆಮೇಲೆ ದೇಶದಿಂದ ಕಳುಹಿಸಿತು. ಹಳ್ಳಿಯ ಸಭೆಗಳನ್ನು ಆಗ ಹೊತ್ತು ನಡೆಸಿದವರು ಇಲ್ಲಿಯ ಸಭಾಪಾಲಕರು, ಉಪದೇಶಿಗಳು, ಸಭಾಹಿರಿಯರು. ಆ ವರ್ಷಗಳ ದಾಖಲೆ ಬಾಸೆಲ್‌ಗೆ ಸರಿಯಾಗಿ ತಲುಪಿಲ್ಲ. ಅದು ಇರುವುದಾದರೆ ಊರಿನ ಕಪಾಟುಗಳಲ್ಲಿ, ನಿಮ್ಮದರಂಥ ಸಂಗೀತ ಪುಸ್ತಕಗಳ ಕೊನೆಯ ಹಾಳೆಗಳಲ್ಲಿ ಇದೆ. ಮುಂದೆ ಸ್ವಿಸ್ ಮಿಷನರಿಗಳು ಬಂದರು. ಉಡುಪಿಯಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ 1923ರಲ್ಲಿ ಆಸ್ಪತ್ರೆ ತೆರೆದದ್ದು ಆ ಕಾಲದಲ್ಲಿ. ದಕ್ಷಿಣ ಇಂಡಿಯಾ ಸಭೆ 1947ರ ಸೆಪ್ಟೆಂಬರ್ 27ರಂದು ಸ್ಥಾಪನೆಯಾದ ಮೇಲೆ ಬಾಸೆಲ್ ಮಿಷನ್ನಿನ ಸಭೆಗಳು ಹೆಚ್ಚಾಗಿ ಅದರಲ್ಲಿ ಕೂಡಿಕೊಂಡವು, ಕೆಲವು ಹಳೆಯ ಹೆಸರನ್ನೇ ಉಳಿಸಿಕೊಂಡು ಪ್ರತ್ಯೇಕವಾಗಿ ನಿಂತವು. ನೆರೆಯ ಎರಡು ದೇವಾಲಯಗಳ ಫಲಕಗಳಲ್ಲಿ ಬೇರೆ ಬೇರೆ ಹೆಸರು ಕಂಡರೆ ಕಾರಣ ಇದೇ. ಹಳೆಯ ಪುಸ್ತಕ ಯಾರ ಬಳಿ ಉಳಿಯಿತೆಂದು ಎರಡೂ ಕಡೆ ವಿಚಾರಿಸಬೇಕು.

ಮರು ಉತ್ತರ: ಶಾಂಭವಿತೀರ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಮಗ್ಗದಮನೆಯವರ ಮಾತನ್ನು ಓದಿದ ರಾತ್ರಿಯೇ ಸೋದರಮಾವನಿಗೆ ಫೋನು ಮಾಡಿದೆ. ಡಿಸೆಂಬರಿನ ಮೊದಲ ವಾರ ಇಬ್ಬರೂ ಮೂಲ್ಕಿಗೆ ಹೋಗುವುದೆಂದು ನಿಶ್ಚಯವಾಗಿದೆ, ಸಭಾಪಾಲಕರಿಗೆ ಪತ್ರವನ್ನೂ ಬರೆದಾಗಿದೆ.

ಸಂಗೀತ ಪುಸ್ತಕದ ಕೊನೆಯ ಹಾಳೆಗಳನ್ನು ಹಗಲು ಬೆಳಕಿನಲ್ಲಿ ಮತ್ತೆ ನೋಡಿದೆ. ಅತ್ಯಂತ ಹಳೆಯ ಕೈಬರಹ ಹೆಂಗಸಿನದೇ. ಪ್ರತಿ ಮಗುವಿನ ಹೆಸರಿನ ಮುಂದೆ ತಾರೀಕು, ವಾರ, ಜೊತೆಗೆ ‘ಮಳೆ’ ಅಥವಾ ‘ಬಿಸಿಲು’ ಎಂದು ಬರೆದಿದ್ದಾರೆ. ಒಂದು ಹೆಸರಿನ ಎದುರು ಮಾತ್ರ ಎರಡು ತಾರೀಕುಗಳಿವೆ, ನಡುವೆ ಹನ್ನೊಂದು ದಿನ. ಎರಡಕ್ಕೂ ‘ಮಳೆ’ ಎಂದಿದೆ.

ಹೆಂಚನ್ನು ತೊಳೆದು, ಹೇಳಿದಂತೆ ಕಾಗದ ಹೊದಿಸಿ ಪೆನ್ಸಿಲಿನಿಂದ ಉಜ್ಜಿದೆ. ಮೊದಲ ಎರಡು ಸಲ ಅಕ್ಷರ ಏಳಲಿಲ್ಲ. ಮೂರನೆಯ ಸಲ ಕಾಗದವನ್ನು ಸ್ವಲ್ಪ ತೇವ ಮಾಡಿ ಒತ್ತಿದ ಮೇಲೆ ಪೂರ್ತಿ ಸಾಲು ಕಂಡಿತು. ಮಲ್ಪೆ ಎಂದಿದೆ. ಹಳೆಕಡತ ಅವರು ಕೊಟ್ಟ ವರ್ಷದ ಪ್ರಕಾರ ಅದು 1886ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಅಮ್ಮನಿಗೆ ಹೇಳಿದೆ. ಅವರು ಹೆಂಚನ್ನು ಮಡಿಲಲ್ಲಿಟ್ಟುಕೊಂಡು ಮೂರನೆಯ ಸಾಲಿನ ಮೇಲೆ ಬೆರಳಾಡಿಸಿ, ‘ಹಾಗಾದರೆ ಇದು ದೋಣಿಯಲ್ಲಿ ಬಂದದ್ದಿರಬೇಕು’ ಎಂದರು.